ನೂರು ಗ್ರಾಂ ಮಣ್ಣಿಗೆ ಮೂರು ಕೆ.ಜಿ. ಬಲ: ಆಟಿಕೆ ಹಿಟಾಚಿಗೆ ರಿಮೋಟ್ ಕೂಡಿಸುವುದು ಹೇಗೆ?

ಹೋದ ಶಿವರಾತ್ರಿಗೆ ಆವಣಿ ಜಾತ್ರೆಯಲ್ಲಿ ಅಕ್ಕನ ಮಗ ಹಟ ಹಿಡಿದು ಒಂದು ಹಿಟಾಚಿ ಕೊಡಿಸಿಕೊಂಡ. ಹಳದಿ ಪ್ಲಾಸ್ಟಿಕ್ಕಿನದು. ತೋಳು ಚಾಚಿದರೆ ಮೊಳಕ್ಕಿಂತ ಸ್ವಲ್ಪ ಉದ್ದ. ಕೈಯಲ್ಲಿ ಎತ್ತಿದರೆ ಏಳುತ್ತದೆ, ಬಿಟ್ಟರೆ ದಡ್ ಅಂತ ಬೀಳುತ್ತದೆ. ಎರಡೇ ದಿನಕ್ಕೆ ಅವನಿಗೆ ಬೇಜಾರಾಯಿತು. "ಮಾವ, ಇದು ತಾನಾಗೇ ಅಗೆಯಲ್ವಾ?" ಅಂತ ಕೇಳಿದ. ಅವನ ತಪ್ಪಿಲ್ಲ ಬಿಡಿ. ನಮ್ಮ ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ, ಇರುವುದೆಲ್ಲ ಕೆರೆ. ಬೇಸಿಗೆಯಲ್ಲಿ ಒಣಗಿದ ಕೆರೆಯಂಗಳಕ್ಕೆ ಹೂಳೆತ್ತುವ ಯಂತ್ರ ಇಳಿದರೆ ಊರ ಹುಡುಗರೆಲ್ಲ ಕಟ್ಟೆಯ ಮೇಲೆ ಸಾಲಾಗಿ ಕೂರುತ್ತಾರೆ. ಹುಡುಗರೇನು, ದೊಡ್ಡವರೂ ನಿಂತು ನೋಡುತ್ತಾರೆ. 2019ರಲ್ಲಿ ಜೆಸಿಬಿ ಅಗೆಯುವುದನ್ನು ಜನ ಗುಂಪುಗೂಡಿ ನೋಡುವ ತಮಾಷೆ ಇಡೀ ದೇಶದ ಮೊಬೈಲುಗಳಲ್ಲಿ ಹರಿದಾಡಿತ್ತು, ನೆನಪಿದೆಯಾ? ನಿಜವಾದ ಯಂತ್ರವನ್ನು ದಿನವೆಲ್ಲ ನೋಡಿದವನಿಗೆ ಕೈಯಲ್ಲಿ ಎತ್ತುವ ಆಟಿಕೆ ಎಲ್ಲಿಂದ ಹಿಡಿಸಬೇಕು?

ಹೆಸರಿನ ವಿಷಯ ಮೊದಲೇ ಹೇಳಿಬಿಡುತ್ತೇನೆ. ಟೈರಿನ ಮೇಲೆ ಓಡುವ, ಮುಂದೆ ದೊಡ್ಡ ಬಾಯಿ, ಹಿಂದೆ ಅಗೆಯುವ ಕೈ ಇರುವ ಗಾಡಿಗೆ ನಮ್ಮಲ್ಲಿ ಯಾವ ಕಂಪನಿಯದಾದರೂ ಜೆಸಿಬಿ ಅನ್ನುತ್ತೇವೆ. ಚೈನಿನ ಮೇಲೆ ಓಡುತ್ತ ಮೈಯನ್ನೇ ಸುತ್ತ ತಿರುಗಿಸುವ ಗಾಡಿಗೆ ಹಿಟಾಚಿ ಅನ್ನುತ್ತೇವೆ, ಅದೂ ಯಾವ ಕಂಪನಿಯದಾದರೂ ಸರಿ. ಜೆಸಿಬಿ ಅಂದರೆ 1945ರಲ್ಲಿ ಇಂಗ್ಲೆಂಡಿನಲ್ಲಿ ಕಂಪನಿ ಶುರು ಮಾಡಿದ ಜೋಸೆಫ್ ಸಿರಿಲ್ ಬ್ಯಾಮ್‌ಫರ್ಡ್ ಅವರ ಹೆಸರಿನ ಮೊದಲಕ್ಷರಗಳು. ಹಿಟಾಚಿ ಜಪಾನಿನ ಕಂಪನಿಯ ಹೆಸರು. ನಾನು ಇಲ್ಲಿ ಹೇಳುತ್ತಿರುವುದು ಚೈನಿನ ಗಾಡಿಯ ಕತೆ.

ಆಟಿಕೆಗೆ ರಿಮೋಟ್ ಕೂಡಿಸುವುದು ಅಂದಾಗ ಎಲ್ಲರ ಗಮನ ರಿಮೋಟಿನ ಮೇಲೇ ಹೋಗುತ್ತದೆ. ನನ್ನದೂ ಹಾಗೇ ಹೋಗಿತ್ತು. ಅದು ಈ ಕೆಲಸದ ಸುಲಭದ ಭಾಗ. ರಿಮೋಟ್, ರಿಸೀವರ್, ಸರ್ಕ್ಯೂಟ್ ಎಲ್ಲ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿದ್ಧವಾಗಿ ಸಿಗುತ್ತವೆ. ಅಷ್ಟು ಸುಲಭವಾಗಿ ಸಿಗದೇ ಇರುವುದು ತೋಳನ್ನು ತಳ್ಳುವ ಸಾಧನ. ಮೋಟಾರಿಗೆ ಗೊತ್ತಿರುವುದು ಸುತ್ತುವುದೊಂದೇ. ಹಿಟಾಚಿಯ ತೋಳಿಗೆ ಬೇಕಿರುವುದು ತಳ್ಳುವುದು, ಎಳೆಯುವುದು, ಆಮೇಲೆ ಅಲ್ಲೇ ಅಲ್ಲಾಡದೆ ಹಿಡಿದು ನಿಲ್ಲುವುದು. ಸುತ್ತುವುದನ್ನು ತಳ್ಳುವುದಾಗಿ ಬದಲಿಸುವ ಈ ಸಾಧನಕ್ಕೆ ಲೀನಿಯರ್ ಆಕ್ಚುಯೇಟರ್, ಚಿಕ್ಕದಾಗಿ ಆಕ್ಚುಯೇಟರ್ ಅನ್ನುತ್ತಾರೆ. ಇಡೀ ಆಟಿಕೆ ಅದರ ಮೇಲೇ ನಿಂತಿದೆ.

ಹಿಟಾಚಿಗೆ ಒಟ್ಟು ಆರು ಚಲನೆಗಳಿವೆ. ಮೈಗೆ ಅಂಟಿಕೊಂಡ ದಪ್ಪ ತೋಳು ಬೂಮ್, ಅದರ ತುದಿಯಲ್ಲಿ ಮಡಚುವ ಆರ್ಮ್, ಕೊನೆಗೆ ಬಕೆಟ್. ಮೈ ಸುತ್ತ ತಿರುಗುವುದಕ್ಕೆ ಸ್ವಿಂಗ್. ಎಡ ಚೈನ್, ಬಲ ಚೈನ್. ಇದರಲ್ಲಿ ಸ್ವಿಂಗ್ ಮತ್ತು ಚೈನುಗಳು ಸುತ್ತುವ ಕೆಲಸಗಳೇ, ಹಾಗಾಗಿ ಗೇರ್ ಇರುವ ಮೋಟಾರನ್ನು ನೇರವಾಗಿ ಕೂರಿಸಿದರೆ ಆಯಿತು. ಕಷ್ಟ ಇರುವುದು ಮೊದಲ ಮೂರರಲ್ಲಿ. ಮೂರರಲ್ಲೂ ಬೂಮಿನದು ಎಲ್ಲಕ್ಕಿಂತ ದೊಡ್ಡ ಕಷ್ಟ.

ಯಾಕೆ ಅಂತ ನೋಡೋಣ. ತುಂಬಿದ ಚೊಂಬನ್ನು ಎದೆಗೆ ಒತ್ತಿಕೊಂಡು ಎಷ್ಟು ಹೊತ್ತಾದರೂ ನಿಲ್ಲಬಹುದು. ಅದನ್ನೇ ಕೈ ಚಾಚಿ ಹಿಡಿದು ನಿಂತರೆ ನಿಮಿಷದಲ್ಲೇ ಭುಜ ನಡುಗುತ್ತದೆ. ಚೊಂಬಿನ ತೂಕ ಜಾಸ್ತಿಯಾಗಿಲ್ಲ, ಭುಜದಿಂದ ಅದು ಇರುವ ದೂರ ಜಾಸ್ತಿಯಾಗಿದೆ. ಈಗ ಅದಕ್ಕೆ ಉಲ್ಟಾ ಒಂದು ಉದಾಹರಣೆ: ಬಾಗಿಲನ್ನು ಹಿಡಿಯ ಹತ್ತಿರ ತಳ್ಳುವ ಬದಲು ಕೀಲಿನ ಪಕ್ಕದಲ್ಲಿ ತಳ್ಳಿ ನೋಡಿ. ಅದೇ ಬಾಗಿಲು ಕಲ್ಲಿನಷ್ಟು ಭಾರ ಅನ್ನಿಸುತ್ತದೆ. ಹಿಟಾಚಿಯ ಬೂಮಿನಲ್ಲಿ ಈ ಎರಡು ತೊಂದರೆಗಳೂ ಒಟ್ಟಿಗೆ ಇವೆ. ಮಣ್ಣು ಇರುವುದು ತೋಳಿನ ಆ ತುದಿಯಲ್ಲಿ. ನಾವು ತಳ್ಳುವುದು ಕೀಲಿನ ಪಕ್ಕದಲ್ಲಿ.

ನಮ್ಮ ಆಟಿಕೆಯನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಲೆಕ್ಕ ಹಾಕಿದೆ. ತೋಳು, ಅದರ ಮೇಲೆ ಕೂರಿಸಬೇಕಾದ ಎರಡು ಆಕ್ಚುಯೇಟರ್ ಸೇರಿ 250 ಗ್ರಾಂ ಅಂತಿಟ್ಟುಕೊಳ್ಳಿ. ಆ ತೂಕದ ನಡುಬಿಂದು ಬೂಮಿನ ಕೀಲಿನಿಂದ 16 ಸೆಂ.ಮೀ. ದೂರದಲ್ಲಿದೆ. ಕಾಲು ಕೆ.ಜಿ.ಯನ್ನು 16ರಿಂದ ಗುಣಿಸಿದರೆ 4. ಬಕೆಟ್ಟಿನಲ್ಲಿ 100 ಗ್ರಾಂ ಮಣ್ಣು, ಕೀಲಿನಿಂದ 34 ಸೆಂ.ಮೀ. ದೂರ, ಅಲ್ಲಿಗೆ 3.4. ಎರಡೂ ಸೇರಿ 7.4 ಕೆ.ಜಿ.-ಸೆಂ.ಮೀ. ಅಂದರೆ ಕೀಲಿನಿಂದ 1 ಸೆಂ.ಮೀ. ದೂರದಲ್ಲಿ ತಳ್ಳುವುದಾದರೆ 7.4 ಕೆ.ಜಿ. ಬಲ ಬೇಕು. ನಮ್ಮ ಆಟಿಕೆಯಲ್ಲಿ ತಳ್ಳುವ ಗೆರೆ ಕೀಲಿನಿಂದ 2.5 ಸೆಂ.ಮೀ. ಆಚೆ ಹೋಗುತ್ತದೆ. 7.4ನ್ನು ಅದರಿಂದ ಭಾಗಿಸಿ: ಹತ್ತಿರ ಹತ್ತಿರ 3 ಕೆ.ಜಿ. ಬರೀ ನೂರು ಗ್ರಾಂ ಮಣ್ಣೆತ್ತಲು ಬೆರಳು ಗಾತ್ರದ ಸಾಧನವೊಂದು ಮೂರು ಕೆ.ಜಿ. ತಳ್ಳಬೇಕು. ಈ ಲೆಕ್ಕ ಹಾಕುವ ಮುಂಚೆ ಮೋಟಾರು ಕೊಂಡರೆ ದುಡ್ಡು ದಂಡ. ನಾನು ಕೊಂಡಿದ್ದೆ.

ಕೊಂಡದ್ದು ನೀಲಿ ಬಣ್ಣದ ಪುಟ್ಟ ಸರ್ವೋ, ಅಂದರೆ ಹೇಳಿದಷ್ಟು ಕೋನಕ್ಕೆ ತಿರುಗಿ ಅಲ್ಲೇ ನಿಲ್ಲುವ ಮೋಟಾರು. 9 ಗ್ರಾಂ ತೂಕದ್ದು, ಕಾಲೇಜು ಹುಡುಗರ ಪ್ರಾಜೆಕ್ಟುಗಳಲ್ಲೆಲ್ಲ ಕಾಣುತ್ತದಲ್ಲ, ಅದೇ. ಅದರ ಬಲ 1.8 ಕೆ.ಜಿ.-ಸೆಂ.ಮೀ. ಬೇಕಿರುವುದು 7.4. ಬೂಮಿನ ಕೀಲಿಗೇ ಅದನ್ನು ಕಟ್ಟಿದೆ. ಜೀಂ ಅಂತ ನರಳಿತು, ಬಿಸಿಯಾಯಿತು, ಏಳಲಿಲ್ಲ. ದೊಡ್ಡ ಸರ್ವೋ ಹಾಕಿದರೆ ಏಳುತ್ತದೆ, ಸುಳ್ಳಲ್ಲ. ಆದರೆ ತೋಳನ್ನು ಮೇಲೆ ಹಿಡಿದು ನಿಲ್ಲುವಷ್ಟು ಹೊತ್ತೂ ಅದು ಕರೆಂಟ್ ಕುಡಿಯುತ್ತಲೇ ಇರುತ್ತದೆ. ಸ್ವಿಚ್ ಆರಿಸಿದರೆ ತೋಳು ಮತ್ತೆ ದಡ್. ಜೊತೆಗೆ ಚಂದವೂ ಕೆಡುತ್ತದೆ. ಹಿಟಾಚಿಯ ಅಂದ ಇರುವುದೇ ಆ ಹೊಳೆಯುವ ರಾಡು ಹೊರಗೆ ಬರುವುದರಲ್ಲಿ, ಒಳಗೆ ಹೋಗುವುದರಲ್ಲಿ.

ನಿಜವಾದ ಯಂತ್ರದಲ್ಲಿ ಆ ರಾಡನ್ನು ತಳ್ಳುವುದು ಎಣ್ಣೆ. ನಮ್ಮ ಜಿಲ್ಲೆಯವರಿಗೆ ಇದು ದೂರದ ವಿಷಯವೇನಲ್ಲ. 1964ರಲ್ಲಿ ಹುಟ್ಟಿದ ಬಿಇಎಂಎಲ್, ಅಂದರೆ ನಮ್ಮ ಬಾಯಲ್ಲಿ ಬೆಮೆಲ್, ಇಂಥ ಯಂತ್ರಗಳನ್ನು ಕೆಜಿಎಫ್‌ನಲ್ಲೇ ತಯಾರು ಮಾಡುತ್ತದೆ. 20 ಟನ್ ಅಳತೆಯ ಹಿಟಾಚಿಯಲ್ಲಿ ಪಂಪು ಎಣ್ಣೆಯನ್ನು ಒತ್ತುವುದು ಪ್ರತಿ ಚದರ ಸೆಂ.ಮೀ.ಗೆ ಸುಮಾರು 340 ಕೆ.ಜಿ. ಬಲದಲ್ಲಿ. ಒಳ ಅಗಲ 12 ಸೆಂ.ಮೀ. ಇರುವ ಸಿಲಿಂಡರಿನಲ್ಲಿ ಪಿಸ್ಟನ್ನಿನ ಮುಖ ಸುಮಾರು 113 ಚದರ ಸೆಂ.ಮೀ. ಗುಣಿಸಿದರೆ 38 ಟನ್ ದಾಟುತ್ತದೆ, ಅದೂ ಒಂದೇ ಸಿಲಿಂಡರಿಗೆ. ನಮ್ಮ ಆಟಿಕೆಗೂ ಹೀಗೆ ಮಾಡಬಹುದಲ್ಲ ಅಂತ ನಿಮಗೆ ಅನ್ನಿಸಿರಬಹುದು. ಶಾಲೆಯ ವಿಜ್ಞಾನ ಮೇಳಕ್ಕೆ ಹೋದವರು ಇಂಜೆಕ್ಷನ್ ಸಿರಿಂಜುಗಳಲ್ಲಿ ಬಣ್ಣದ ನೀರು ತುಂಬಿ ಮಾಡಿದ ರಟ್ಟಿನ ಜೆಸಿಬಿ ನೋಡೇ ಇರುತ್ತಾರೆ. ಈ ಸಿಲಿಂಡರಿನ ತತ್ವವೇ ಅದು, ಬಹಳ ಚೆನ್ನಾಗಿಯೂ ಕೆಲಸ ಮಾಡುತ್ತದೆ. ಆದರೆ ಅಲ್ಲಿ ಇನ್ನೊಂದು ತುದಿಯ ಸಿರಿಂಜನ್ನು ಹುಡುಗನೇ ಒತ್ತುತ್ತಿರುತ್ತಾನೆ. ರಿಮೋಟಿನಲ್ಲಿ ಆಡಿಸಬೇಕಾದರೆ ಆ ಸಿರಿಂಜನ್ನು ಒತ್ತಲು ಮತ್ತೊಂದು ಆಕ್ಚುಯೇಟರ್ ಬೇಕಾಗುತ್ತದೆ, ಇಲ್ಲವೇ ಪುಟ್ಟ ಪಂಪು, ವಾಲ್ವು, ಪೈಪು, ಸೋರದ ಸೀಲು. ಅದನ್ನೂ ಮಾಡುವ ಹುಚ್ಚರಿದ್ದಾರೆ. ನಾನು ಅಷ್ಟು ದೂರ ಹೋಗಲಿಲ್ಲ.

ನನ್ನ ಕೈ ಹಿಡಿದದ್ದು ತಿರುಪು. ಕಾರಿನ ಡಿಕ್ಕಿಯಲ್ಲಿರುವ ಜಾಕ್ ನೆನಪಿಸಿಕೊಳ್ಳಿ. ಹ್ಯಾಂಡಲ್ ಸುತ್ತಿದರೆ ಕಾರು ಏಳುತ್ತದೆ. ಸುತ್ತುವುದನ್ನು ಬಿಟ್ಟು ಟೀ ಕುಡಿದು ಬಂದರೂ ಕಾರು ಅಲ್ಲೇ ಇರುತ್ತದೆ. ಅದರೊಳಗೆ ಇರುವುದು ಒಂದು ಉದ್ದನೆಯ ತಿರುಪು, ಒಂದು ನಟ್ಟು, ಅಷ್ಟೇ. ನಮಗೆ ಬೇಕಾದ ಎರಡು ಗುಣಗಳೂ ಅದರಲ್ಲಿವೆ: ಕಡಿಮೆ ಬಲದಲ್ಲಿ ಭಾರ ಎತ್ತುತ್ತದೆ, ಎತ್ತಿದ್ದನ್ನು ಬಿಡುವುದಿಲ್ಲ.

ತಿರುಪು ಅಂದರೆ ಕಡ್ಡಿಗೆ ಸುತ್ತಿದ ಇಳಿಜಾರು. ಪಕ್ಕದ ಚಿಕ್ಕಬಳ್ಳಾಪುರದ ನಂದಿ ಬೆಟ್ಟವನ್ನು ಸುಲ್ತಾನ್‌ಪೇಟೆ ಕಡೆಯಿಂದ ಮೆಟ್ಟಿಲು ಹಿಡಿದು ಹತ್ತಿದರೆ ಏದುಸಿರು ಬರುತ್ತದೆ. ಸುತ್ತಿ ಸುತ್ತಿ ಹೋಗುವ ಡಾಂಬರು ರಸ್ತೆಯಲ್ಲಿ ಹಳೇ ಸ್ಕೂಟರೂ ಗೊಣಗದೆ ಏರುತ್ತದೆ. ದಾರಿ ಉದ್ದವಾದಷ್ಟೂ ಏರು ಹಗುರ. ಅಂಗಡಿಯಲ್ಲಿ ಎನ್20 ಅನ್ನುವ ಪುಟ್ಟ ಗೇರ್ ಮೋಟಾರು ಸಿಗುತ್ತದೆ. ಕಿರುಬೆರಳಿನ ತುದಿಯಷ್ಟಿರುತ್ತದೆ. ಅದರಲ್ಲೇ ಒಂದು ನಮೂನೆಗೆ ಶಾಫ್ಟಿನ ಬದಲು 4 ಮಿ.ಮೀ. ದಪ್ಪದ ಉದ್ದ ತಿರುಪು ಇರುತ್ತದೆ, ಎಂ4 ಅನ್ನುತ್ತಾರೆ. ಇದು ಒಂದು ಸುತ್ತು ಸುತ್ತಿದರೆ ನಟ್ಟು ಮುಂದೆ ಹೋಗುವುದು ಬರೀ 0.7 ಮಿ.ಮೀ. ಈ ತಿರುಪಿಗೆ 1 ಸೆಂ.ಮೀ. ಉದ್ದದ ಹಿಡಿಕೆ ಇದೆ ಅಂದುಕೊಳ್ಳಿ. ಒಂದು ಸುತ್ತಿಗೆ ನಿಮ್ಮ ಬೆರಳು 63 ಮಿ.ಮೀ. ಓಡುತ್ತದೆ, ನಟ್ಟು 0.7 ಮಿ.ಮೀ. ಜರುಗುತ್ತದೆ. ತೊಂಬತ್ತು ಪಟ್ಟು ಲಾಭ! ಮೂರು ಕೆ.ಜಿ. ತಳ್ಳಲು 33 ಗ್ರಾಂ ಬಲ ಸಾಕು.

ಲೆಕ್ಕದಲ್ಲಿ ಸಾಕು, ನಿಜದಲ್ಲಿ ಸಾಲದು. ತಿರುಪು ನಟ್ಟನ್ನು ಉಜ್ಜುತ್ತಲೇ ಸಾಗಬೇಕು. ಆ ಉಜ್ಜಾಟ ನಾವು ಕೊಟ್ಟ ಶಕ್ತಿಯಲ್ಲಿ ಮುಕ್ಕಾಲು ಪಾಲನ್ನು ನುಂಗುತ್ತದೆ. 33 ಗ್ರಾಂ ಬದಲು ಸುಮಾರು 150 ಗ್ರಾಂ ಬೇಕಾಗುತ್ತದೆ. ಆದರೂ ಕೀಲಿನಲ್ಲಿ ನೇರವಾಗಿ ಬೇಕಿದ್ದ 7.4 ಕೆ.ಜಿ. ಎಲ್ಲಿ, ಈ 150 ಗ್ರಾಂ ಎಲ್ಲಿ! ಇನ್ನು ಆ ಉಜ್ಜಾಟವನ್ನು ಬಯ್ಯುವ ಹಾಗೂ ಇಲ್ಲ, ತೋಳನ್ನು ಮೇಲೆ ಹಿಡಿದು ನಿಲ್ಲಿಸುವುದು ಅದೇ. ಎಂ4 ತಿರುಪಿನ ಇಳಿಜಾರು 3.6 ಡಿಗ್ರಿ, ಅಂದರೆ ಬಹುತೇಕ ಮಟ್ಟ. ಹಿತ್ತಾಳೆಯ ಮೇಲೆ ಉಕ್ಕು ತಾನಾಗಿ ಜಾರಬೇಕಾದರೆ ಇದಕ್ಕಿಂತ ಜಾಸ್ತಿ ಇಳಿಜಾರು ಬೇಕು. ಹಾಗಾಗಿ ತೋಳಿನ ತೂಕ ಎಷ್ಟೇ ಒತ್ತಿದರೂ ನಟ್ಟು ತಿರುಪನ್ನು ಹಿಂದಕ್ಕೆ ಸುತ್ತಿಸಲಾರದು. ಮೋಟಾರು ನಿಲ್ಲಿಸಿ, ಬ್ಯಾಟರಿಯನ್ನೇ ಕಿತ್ತಿಡಿ, ಬೂಮ್ ಎತ್ತಿದ ಕಡೆಯೇ ನಿಂತಿರುತ್ತದೆ. ಈ ಗುಣ ಮೊದಲ ಸಲ ಕಣ್ಣಿಗೆ ಬಿದ್ದಾಗ ನಾನು ಹತ್ತು ಸಲ ಎತ್ತಿ ಎತ್ತಿ ಆರಿಸಿ ನೋಡಿದ್ದೇನೆ, ನಗಬೇಡಿ.

ಈಗ ಕಟ್ಟುವ ವಿಷಯ. ಮೋಟಾರನ್ನು ಒಂದು ಕೊಳವೆಯ ಬಾಯಿಗೆ ಕೂರಿಸಬೇಕು, ತಿರುಪು ಕೊಳವೆಯ ಒಳಗೆ ಚಾಚಿಕೊಂಡಿರುತ್ತದೆ. ಇನ್ನೊಂದು ಸಣ್ಣ ಹಿತ್ತಾಳೆ ಕೊಳವೆಯ ತುದಿಗೆ ಎಂ4 ನಟ್ಟನ್ನು ಅರದಿಂದ ಉಜ್ಜಿ ದುಂಡು ಮಾಡಿ ಸೋಲ್ಡರ್ ಹಾಕಬೇಕು. ಈ ಸಣ್ಣ ಕೊಳವೆಯೇ ನಮ್ಮ ರಾಡು, ದೊಡ್ಡದರೊಳಗೆ ಜಾರುತ್ತದೆ. ನನಗೆ ರಾಡಿಗೆ ಒದಗಿದ್ದು ಹಳೇ ರೇಡಿಯೋದ ಏರಿಯಲ್. ಹೊಳಪು ಮೊದಲೇ ಇತ್ತು. ಒಂದು ಸೂಕ್ಷ್ಮ: ನಟ್ಟು ತಿರುಪಿನ ಜೊತೆ ಸುತ್ತಬಾರದು. ಬಾಟಲಿ, ಮುಚ್ಚಳ ಎರಡನ್ನೂ ಒಟ್ಟಿಗೆ ತಿರುಗಿಸಿದರೆ ಮುಚ್ಚಳ ಬಿಚ್ಚುವುದಿಲ್ಲ ಅಲ್ವಾ? ಹಾಗೇ ಇದೂ. ರಾಡಿನ ತುದಿಯನ್ನು ಬೂಮಿಗೆ ಪಿನ್ ಹಾಕಿ ಸಿಕ್ಕಿಸುವುದರಿಂದ ಅದು ಸುತ್ತಲಾರದು, ಬೇರೆ ದಾರಿಯಿಲ್ಲದೆ ಮುಂದಕ್ಕೆ ಬರುತ್ತದೆ.

ನಾನು ಕಟ್ಟಿದ ಮೊದಲ ಆಕ್ಚುಯೇಟರ್ ಎರಡು ದಿನ ಚೆನ್ನಾಗಿ ಓಡಿ ಮೂರನೇ ದಿನ ಕಟಕಟ ಅಂತ ಸತ್ತಿತು. ಬಿಚ್ಚಿದರೆ ಗೇರಿನ ಹಲ್ಲು ಪುಡಿ. ತಪ್ಪು ಮೋಟಾರಿನದಲ್ಲ, ನನ್ನದೇ. ತಿರುಪು ನಟ್ಟನ್ನು ಮೂರು ಕೆ.ಜಿ. ಬಲದಲ್ಲಿ ಮುಂದಕ್ಕೆ ತಳ್ಳುತ್ತದೆ ಅಂದರೆ ನಟ್ಟೂ ತಿರುಪನ್ನು ಅಷ್ಟೇ ಬಲದಲ್ಲಿ ಹಿಂದಕ್ಕೆ ತಳ್ಳುತ್ತದೆ. ಆ ಒತ್ತಡ ನೇರ ಹೋಗಿ ಕೂರುವುದು ಮೋಟಾರಿನ ಪುಟ್ಟ ಗೇರ್ ಪೆಟ್ಟಿಗೆಯ ಮೇಲೆ. ಆ ಪೆಟ್ಟಿಗೆ ಸುತ್ತುವ ಬಲಕ್ಕೆ ಮಾಡಿದ್ದು, ಗುದ್ದು ತಿನ್ನುವುದಕ್ಕಲ್ಲ. ಇದಕ್ಕೆ ಪರಿಹಾರ ಒಂದು ಪುಟಾಣಿ ಬೇರಿಂಗ್. 4 ಮಿ.ಮೀ. ತೂತು, 8 ಮಿ.ಮೀ. ಹೊರ ಅಗಲ, 3 ಮಿ.ಮೀ. ದಪ್ಪದ್ದು. ಅದನ್ನು ತಿರುಪಿಗೆ ತೂರಿಸಿ, ಅದರ ಮುಂದೆ ಒಂದು ನಟ್ಟನ್ನು ತಿರುಪಿಗೇ ಅಂಟಿಸಿ, ಬೇರಿಂಗಿನ ಬೆನ್ನು ಕೊಳವೆಯ ಗೋಡೆಗೆ ಆನುವಂತೆ ಮಾಡಬೇಕು. ಆಗ ಹಿಂದಕ್ಕೆ ಬರುವ ಒತ್ತಡ ಕೊಳವೆಯ ಮೈಗೆ ಹೋಗುತ್ತದೆ, ಗೇರು ಬದುಕುತ್ತದೆ. ಬೇರಿಂಗ್ ಸಿಗದಿದ್ದರೆ ನುಣುಪಾದ ಎರಡು ವಾಷರ್, ನಡುವೆ ಗ್ರೀಸ್. ಅದೂ ನಡೆಯುತ್ತದೆ. ಈ ಒಂದನ್ನು ಬಿಟ್ಟರೆ ಮಾತ್ರ ಮಿಕ್ಕದ್ದೆಲ್ಲ ಸರಿಯಿದ್ದೂ ವ್ಯರ್ಥ.

ಇನ್ನು ವೇಗ. ನಿಮಿಷಕ್ಕೆ 300 ಸುತ್ತಿನ ಮೋಟಾರು ಹಾಕಿದರೆ ರಾಡು ಸೆಕೆಂಡಿಗೆ 3.5 ಮಿ.ಮೀ. ಚಲಿಸುತ್ತದೆ. ಬೂಮ್ ಪೂರ್ತಿ ಏಳಲು ರಾಡು ಸುಮಾರು 3 ಸೆಂ.ಮೀ. ಬರಬೇಕು, ಅಂದರೆ ಎಂಟೂವರೆ ಸೆಕೆಂಡು. ಎಂಟು ವರ್ಷದ ಹುಡುಗನಿಗೆ ಅಷ್ಟು ತಾಳ್ಮೆ ಎಲ್ಲಿದೆ? 500 ಸುತ್ತಿನದು ಹಾಕಿದರೆ ಐದು ಸೆಕೆಂಡಿಗೆ ಇಳಿಯಿತು, ನೋಡಲೂ ನಿಜವಾದ ಯಂತ್ರದ ಗತ್ತು ಬಂತು. ಇದಕ್ಕಿಂತ ಜೋರಿನದು ಬೇಕೆಂದರೆ ಬಲ ಕೈ ಕೊಡುತ್ತದೆ. ಒಂದೇ ಅಳತೆಯ ಮೋಟಾರಿನಲ್ಲಿ ವೇಗ ಹೆಚ್ಚಿದಷ್ಟೂ ಬಲ ಕಡಿಮೆ. ಆರ್ಮಿಗೆ, ಬಕೆಟ್ಟಿಗೆ ಹೊರೆ ಕಡಿಮೆ ಇರುವುದರಿಂದ ಅಲ್ಲಿ ಧಾರಾಳವಾಗಿ ಜೋರಿನದು ಹಾಕಬಹುದು.

ದೊಡ್ಡ ಹಿಟಾಚಿಯನ್ನು ಗಮನಿಸಿದ್ದರೆ ಬೂಮಿನ ಎರಡು ಪಕ್ಕಕ್ಕೂ ಒಂದೊಂದು ಸಿಲಿಂಡರ್ ಇರುತ್ತದೆ. ನಾನೂ ಆಸೆಪಟ್ಟು ಎರಡು ಆಕ್ಚುಯೇಟರ್ ಹಾಕಿದೆ. ಬೂಮ್ ಸೊಟ್ಟಗಾಯಿತು. ಒಂದೇ ಡಬ್ಬಿಯಿಂದ ತೆಗೆದ ಎರಡು ಮೋಟಾರುಗಳೂ ಒಂದೇ ವೇಗದಲ್ಲಿ ಸುತ್ತುವುದಿಲ್ಲ. ಒಂದು ಅರ್ಧ ಮಿ.ಮೀ. ಮುಂದೆ ಹೋದರೂ ಇನ್ನೊಂದರ ಜೊತೆ ಜಗಳಕ್ಕೆ ನಿಲ್ಲುತ್ತದೆ. ಎಣ್ಣೆಯಲ್ಲಿ ಈ ಜಗಳ ಇಲ್ಲ. ಎರಡು ಸಿಲಿಂಡರಿಗೂ ಒಂದೇ ಪೈಪಿನ ಎಣ್ಣೆ, ಒತ್ತಡ ತಾನಾಗಿ ಸಮನಾಗುತ್ತದೆ. ತಿರುಪಿಗೆ ಆ ಹೊಂದಾಣಿಕೆ ಗೊತ್ತಿಲ್ಲ, ಅದು ಬಲು ಮೊಂಡು. ಹಾಗಾಗಿ ಒಂದು ಪಕ್ಕ ನಿಜವಾದ ಆಕ್ಚುಯೇಟರ್, ಇನ್ನೊಂದು ಪಕ್ಕ ಸುಮ್ನೆ ಜಾರುವ ಖಾಲಿ ಕೊಳವೆ. ಹುಡುಗನಿಗೆ ಇನ್ನೂ ಹೇಳಿಲ್ಲ.

ಆಕ್ಚುಯೇಟರಿನ ಎರಡೂ ತುದಿ ಪಿನ್ನಿನ ಮೇಲೆ ಸಲೀಸಾಗಿ ತೂಗಾಡಬೇಕು. ಬೂಮ್ ಏಳುತ್ತ ಹೋದಂತೆ ಸಿಲಿಂಡರ್ ಕೂಡ ಓರೆಯಾಗುತ್ತ ಹೋಗುತ್ತದೆ. ಒಂದು ತುದಿಯನ್ನು ಬಿಗಿದುಬಿಟ್ಟರೆ ತಿರುಪು ಬಾಗುತ್ತದೆ. ಆಪರೇಟರುಗಳು "ಪಿನ್ ಬುಷ್ ಹೋಗಿದೆ" ಅಂತ ಗೊಣಗುವುದನ್ನು ಕೇಳಿರುತ್ತೀರಿ. ಬುಷ್ ಅಂದರೆ ಪಿನ್ ಕೂರುವ ತೂತಿನ ಒಳಗಿನ ಲೋಹದ ಬಳೆ. ಅದು ಈ ಜಾಗವೇ, ಆಟಿಕೆಯಲ್ಲೂ ಮೊದಲು ಸವೆಯುವುದು ಅಲ್ಲೇ. ಪ್ಲಾಸ್ಟಿಕ್ ತೂತಿಗೆ ಹಿತ್ತಾಳೆ ಕೊಳವೆಯ ಚೂರನ್ನು ಬುಷ್ ಆಗಿ ಕೂರಿಸಿದರೆ ವರ್ಷಗಟ್ಟಲೆ ಬಾಳುತ್ತದೆ. ಜಾತ್ರೆ ಆಟಿಕೆಗಳು ಎಷ್ಟೋ ಸಲ ಬಕೆಟ್, ಕೊಡ ಮಾಡುವ ಜಾತಿಯ ಮೆತ್ತನೆ ಪ್ಲಾಸ್ಟಿಕ್ಕಿನವು, ಪಾಲಿಪ್ರೊಪಿಲೀನ್. ಇದಕ್ಕೆ ಯಾವ ಮಾಮೂಲಿ ಅಂಟೂ ಹಿಡಿಯುವುದಿಲ್ಲ. ಸಿಪ್ಪೆಯ ಹಾಗೆ ಏಳುತ್ತದೆ. ಸ್ಕ್ರೂ, ನಟ್ಟು ಹಾಕಿಯೇ ಬಿಗಿಯಬೇಕು.

ಮುಂದಿನ ಗಂಡಾಂತರ ರಾಡಿನ ಕೊನೆ. ತಿರುಪು ಅಷ್ಟು ಬಲಶಾಲಿ ಅಂತ ಹೊಗಳಿದೆನಲ್ಲ, ಕೊನೆ ಮುಟ್ಟಿದ ಮೇಲೂ ಹುಡುಗ ರಿಮೋಟಿನ ಕಡ್ಡಿ ಒತ್ತುತ್ತಲೇ ಇದ್ದರೆ ಅದೇ ಬಲದಿಂದ ತನ್ನ ಗೇರನ್ನೋ ಬೂಮನ್ನೋ ಮುರಿಯುತ್ತದೆ. ಅದಕ್ಕೆ ಎರಡು ತುದಿಗೂ ಒಂದೊಂದು ಪುಟ್ಟ ಲಿಮಿಟ್ ಸ್ವಿಚ್ ಬೇಕು. ರಾಡು ಬಂದು ಮುಟ್ಟಿದೊಡನೆ ಸ್ವಿಚ್ ಕರೆಂಟ್ ಕಡಿಯುತ್ತದೆ. ಆದರೆ ಬರೀ ಕಡಿದರೆ ಇನ್ನೊಂದು ಫಜೀತಿ. ಈಗ ವಾಪಸ್ ಬರಲೂ ಕರೆಂಟ್ ಇಲ್ಲ! ಇದಕ್ಕೆ ಬಹಳ ಹಳೆಯ, ಬಹಳ ಚಂದದ ಉಪಾಯವಿದೆ: ಪ್ರತಿ ಸ್ವಿಚ್ಚಿನ ಎರಡು ಕಾಲಿಗೂ ಅಡ್ಡಲಾಗಿ ಒಂದು ಡಯೋಡು. ಬಾವಿಯ ಪಂಪಿನ ಫುಟ್‌ವಾಲ್ವ್ ಎಲ್ಲರಿಗೂ ಗೊತ್ತು. ನೀರನ್ನು ಮೇಲಕ್ಕೆ ಬಿಡುತ್ತದೆ, ಕೆಳಕ್ಕೆ ಬಿಡುವುದಿಲ್ಲ. ಡಯೋಡು ಕರೆಂಟಿಗೆ ಹಾಗೆ. ಮೋಟಾರು ಮುಂದೆ ಸುತ್ತುವಾಗ ಕರೆಂಟ್ ಒಂದು ಕಡೆ ಹರಿದರೆ ಹಿಂದೆ ಸುತ್ತುವಾಗ ಉಲ್ಟಾ ಹರಿಯುತ್ತದೆ. ಮುಂದಿನ ತುದಿಯ ಸ್ವಿಚ್ ಕಡಿದಾಗ ಅದರ ಡಯೋಡು ಮುಂದಕ್ಕೆ ತಳ್ಳುವ ಕರೆಂಟನ್ನು ತಡೆಯುತ್ತದೆ, ಹಿಂದಕ್ಕೆ ಎಳೆಯುವ ಕರೆಂಟಿಗೆ ದಾರಿ ಬಿಡುತ್ತದೆ. ರಾಡು ಒಂಚೂರು ಹಿಂದೆ ಸರಿದರೆ ಸ್ವಿಚ್ ಮತ್ತೆ ಕೂಡಿಕೊಳ್ಳುತ್ತದೆ. ಇದಕ್ಕೆ ಪ್ರೋಗ್ರಾಂ ಬೇಡ, ಚಿಪ್ ಬೇಡ. ಎರಡು ಸ್ವಿಚ್, ಒಂದೆರಡು ರೂಪಾಯಿಯ ಎರಡು ಡಯೋಡು. 1ಎನ್4007 ಅಂತ ಕೇಳಿದರೆ ಟಿವಿ ರಿಪೇರಿ ಅಂಗಡಿಯಲ್ಲೂ ಕೊಡುತ್ತಾರೆ.

ರಿಮೋಟಿನ ಮಾತಿಗೆ ಬರೋಣ. ಸರ್ವೋ ಹಾಕಿದ್ದರೆ ರಿಮೋಟಿನ ಕಡ್ಡಿ ಎಲ್ಲಿದೆಯೋ ತೋಳೂ ಅಲ್ಲಿರುತ್ತದೆ. ಕಡ್ಡಿ ಬಿಟ್ಟರೆ ಅದು ನಡುವಿಗೆ ಬರುತ್ತದೆ, ತೋಳೂ ಹಿಂದೆಯೇ ಓಡಿ ಬರುತ್ತದೆ. ನಿಜವಾದ ಹಿಟಾಚಿ ಹಾಗಲ್ಲ. ಅಲ್ಲಿ ಲಿವರ್ ಹೇಳುವುದು ಜಾಗವನ್ನಲ್ಲ, ವೇಗವನ್ನು. ಸ್ವಲ್ಪ ಎಳೆದರೆ ನಿಧಾನ, ಜಾಸ್ತಿ ಎಳೆದರೆ ಜೋರು, ಬಿಟ್ಟರೆ ಇದ್ದಲ್ಲೇ ನಿಲ್ಲು. ನಮ್ಮ ತಿರುಪಿನ ಸ್ವಭಾವವೂ ಇದೇ. ಹಾಗಾಗಿ ತೋಳು ಈಗ ಎಲ್ಲಿದೆ ಅಂತ ಅಳೆಯುವ ತಲೆನೋವೇ ನಮಗಿಲ್ಲ.

ಇನ್ನೊಂದು ಖುಷಿಯ ಸಂಗತಿ. ದೊಡ್ಡ ಯಂತ್ರದ ಎರಡು ಲಿವರುಗಳಿಗೆ ಒಂದು ಅಂತರರಾಷ್ಟ್ರೀಯ ಕ್ರಮವಿದೆ. ಎಡ ಲಿವರ್ ಅಕ್ಕಪಕ್ಕಕ್ಕೆ ಆಡಿಸಿದರೆ ಸ್ವಿಂಗ್, ಹಿಂದೆ ಮುಂದೆ ಆಡಿಸಿದರೆ ಆರ್ಮ್. ಬಲ ಲಿವರನ್ನು ಎದೆಯ ಕಡೆ ಎಳೆದರೆ ಬೂಮ್ ಮೇಲೆ, ಮುಂದೆ ತಳ್ಳಿದರೆ ಕೆಳಗೆ. ಎಡಕ್ಕೆ ವಾಲಿಸಿದರೆ ಬಕೆಟ್ ಮಡಚುತ್ತದೆ, ಬಲಕ್ಕೆ ವಾಲಿಸಿದರೆ ಸುರಿಯುತ್ತದೆ. ಎರಡು ಕಡ್ಡಿ, ನಾಲ್ಕು ದಿಕ್ಕು. ಡ್ರೋನ್ ಹಾರಿಸುವ ರಿಮೋಟಿನಲ್ಲಿ ಇರುವುದೂ ಅಷ್ಟೇ. ಒಂದು ಎಡವಟ್ಟು ಮಾತ್ರ ಇದೆ. ಆ ರಿಮೋಟುಗಳಲ್ಲಿ ಎಡಗೈ ಕಡ್ಡಿ ಸಾಮಾನ್ಯವಾಗಿ ಮೇಲೆ ಕೆಳಗೆ ಆಡಿಸುವಾಗ ಬಿಟ್ಟಲ್ಲೇ ನಿಲ್ಲುತ್ತದೆ, ನಡುವಿಗೆ ಬರುವುದಿಲ್ಲ. ಡ್ರೋನಿಗೆ ಅದು ಬೇಕು, ನಮಗೆ ಬೇಡ. ಕೈ ಬಿಟ್ಟರೂ ಆರ್ಮ್ ಚಾಚುತ್ತಲೇ ಹೋಗುತ್ತದೆ. ರಿಮೋಟ್ ಬಿಚ್ಚಿ ಅಲ್ಲೊಂದು ಸ್ಪ್ರಿಂಗ್ ಹಾಕಿದೆ.

ಸರ್ಕ್ಯೂಟಿನದು ಬೇಗ ಹೇಳಿ ಮುಗಿಸುತ್ತೇನೆ. 2.4 ಗಿಗಾಹರ್ಟ್ಸ್ ರಿಸೀವರ್ ಕಡ್ಡಿಗಳ ಸುದ್ದಿಯನ್ನು ಆರ್ಡುಯಿನೋ ನ್ಯಾನೋ ಅನ್ನುವ ಪುಟ್ಟ ಬೋರ್ಡಿಗೆ ಕೊಡುತ್ತದೆ. ಅದು ಮೋಟಾರು ಡ್ರೈವರುಗಳಿಗೆ ಆಜ್ಞೆ ಕೊಡುತ್ತದೆ. ಡ್ರೈವರ್ ಅಂದರೆ ನಾಲ್ಕು ಎಲೆಕ್ಟ್ರಾನಿಕ್ ಸ್ವಿಚ್ಚುಗಳ ಜೋಡಣೆ, ಎಚ್-ಬ್ರಿಡ್ಜ್. ಓರೆಯಾಗಿ ಎದುರುಬದುರಿರುವ ಒಂದು ಜೋಡಿ ಹತ್ತಿದರೆ ಮೋಟಾರು ಮುಂದೆ, ಇನ್ನೊಂದು ಜೋಡಿ ಹತ್ತಿದರೆ ಹಿಂದೆ. ಎಲ್298ಎನ್ ಅನ್ನುವ ಹಳೇ ಡ್ರೈವರ್ ಎಲ್ಲರ ಮನೆಯಲ್ಲೂ ಬಿದ್ದಿರುತ್ತದೆ, ಆದರೆ ಅದು ತಾನೇ ಸುಮಾರು 2 ವೋಲ್ಟ್ ತಿನ್ನುತ್ತದೆ. ಡಿಆರ್‌ವಿ8833 ವಾಸಿ. ಒಂದು ಬೋರ್ಡು ಎರಡು ಮೋಟಾರು ನೋಡಿಕೊಳ್ಳುತ್ತದೆ, ಮೂರು ಬೋರ್ಡು ಸಾಕು. ರಿಮೋಟಿನ ಒಂದು ಸ್ವಿಚ್ ಮೇಲಿದ್ದರೆ ಕಡ್ಡಿಗಳು ತೋಳಿಗೆ, ಕೆಳಗಿದ್ದರೆ ಎರಡು ಚೈನಿಗೆ ಅಂತ ಪ್ರೋಗ್ರಾಂ ಬರೆದೆ. ರಿಸೀವರಿನಿಂದ ಸುದ್ದಿ ನಿಂತರೆ ಎಲ್ಲ ಮೋಟಾರು ನಿಲ್ಲಬೇಕು ಅನ್ನುವ ಸಾಲನ್ನು ಮಾತ್ರ ಮರೆಯಬೇಡಿ.

ವಿದ್ಯುತ್ತಿಗೆ 18650 ಲಿಥಿಯಂ ಸೆಲ್ ಎರಡು. ಪೂರ್ತಿ ತುಂಬಿದಾಗ 8.4 ವೋಲ್ಟ್. ಮೋಟಾರು 6 ವೋಲ್ಟಿನದು, ಹಾಗಾಗಿ ಪ್ರೋಗ್ರಾಮಿನಲ್ಲೇ ಶೇ. 70ಕ್ಕಿಂತ ಜಾಸ್ತಿ ಕೊಡದ ಹಾಗೆ ಮಿತಿ ಹಾಕಿದೆ. ಸೆಲ್ಲಿಗೆ ನೇರ ಸೋಲ್ಡರ್ ಹಾಕಬೇಡಿ, ಹೋಲ್ಡರ್ ಬಳಸಿ. ರಕ್ಷಣೆಯ ಬೋರ್ಡು, ಒಂದು ಫ್ಯೂಸು ಇರಲಿ. ಚಾರ್ಜಿಗೆ ಹಾಕುವುದು ದೊಡ್ಡವರ ಕೆಲಸ. ಮೊದಲ ದಿನ ಬಕೆಟ್ ಆಡಿಸಿದರೆ ಸ್ವಿಂಗ್ ಕೂಡ ನಡುಗುತ್ತಿತ್ತು, ದೆವ್ವ ಹೊಕ್ಕ ಹಾಗೆ. ಮೋಟಾರಿನ ಒಳಗಿನ ಕಿಡಿಗಳ ಗದ್ದಲ ತಂತಿಗಳಲ್ಲಿ ಹರಿದಾಡಿದ್ದೇ ಕಾರಣ. ಪ್ರತಿ ಮೋಟಾರಿನ ಎರಡು ಕಾಲಿಗೆ ಆ ಗದ್ದಲ ಹೀರಿಕೊಳ್ಳುವ, 104 ಅಂತ ಬರೆದಿರುವ ಕೆಪಾಸಿಟರ್ ಸೋಲ್ಡರ್ ಹಾಕಿದ ಮೇಲೆ ದೆವ್ವ ಬಿಟ್ಟಿತು.

ಮೈ ಸುತ್ತ ತಿರುಗುವಾಗ ಕೆಳಗಿನ ಚೈನ್ ಮೋಟಾರಿಗೆ ಹೋಗುವ ತಂತಿ ತಿರುಚಿ ಹರಿಯುತ್ತದೆ. ದೊಡ್ಡ ಯಂತ್ರದಲ್ಲೂ ಇದೇ ಸಮಸ್ಯೆ. ಅಲ್ಲಿ ನಡುವೆ ಸುತ್ತುವ ಒಂದು ಜಾಯಿಂಟಿನ ಮೂಲಕ ಎಣ್ಣೆ ಇಳಿಯುತ್ತದೆ. ನಮಗೆ ಸ್ಲಿಪ್ ರಿಂಗ್ ಅಂತ ಹೆಬ್ಬೆರಳು ಗಾತ್ರದ ವಸ್ತು ಸಿಗುತ್ತದೆ. ಬ್ಯಾಟರಿ, ಬೋರ್ಡು ಎಲ್ಲ ಮೇಲಿನ ಮೈಯಲ್ಲೇ ಇಟ್ಟರೆ ಅದರ ಮೂಲಕ ಇಳಿಸಬೇಕಾದದ್ದು ನಾಲ್ಕೇ ತಂತಿ. ಬ್ಯಾಟರಿಯನ್ನು ಆದಷ್ಟು ಹಿಂದಕ್ಕೆ ತಳ್ಳಿ. ತುಂಬಿದ ಬಕೆಟ್ ಚಾಚಿದಾಗ ಮುಗ್ಗರಿಸದಂತೆ ತಡೆಯುವುದು ಹಿಂದಿನ ಭಾರವೇ. ನನಗೆ ಸಾಲದೆ ಲೇತ್ ಅಂಗಡಿಯಿಂದ ತಂದ ಕಬ್ಬಿಣದ ತುಂಡೊಂದನ್ನು ತುರುಕಬೇಕಾಯಿತು. ಚೈನಿನದು ಇನ್ನೊಂದು ತಮಾಷೆ. ಗಾಡಿ ಮಗುಚಿ ನೋಡಿದರೆ ಅದು ಚೈನೇ ಅಲ್ಲ, ಚೈನಿನ ಆಕಾರದ ಪ್ಲಾಸ್ಟಿಕ್ ಹಲಗೆ, ಅಡಿಯಲ್ಲಿ ನಾಲ್ಕು ಪುಟ್ಟ ಗಾಲಿ. ಅದನ್ನು ಕೊರೆದು ಬೇರೆ ಆಟಿಕೆಯ ರಬ್ಬರ್ ಬೆಲ್ಟ್ ಹಾಕಿದ್ದಕ್ಕೇ ಎರಡು ಭಾನುವಾರ ಹೋಯಿತು.

ಯುಗಾದಿಗೆ ಊರಿಗೆ ತಗೊಂಡು ಹೋದೆ. ಕೆರೆಯಲ್ಲಿ ಹೂಳೆತ್ತುವ ಹಿಟಾಚಿಯ ಆಪರೇಟರ್ ಅಣ್ಣನೂ ಅಂಗಳಕ್ಕೆ ಬಂದಿದ್ದರು. ರಿಮೋಟ್ ಕೈಗೆ ಕೊಟ್ಟೆ, ಯಾವ ಕಡ್ಡಿ ಯಾವುದಕ್ಕೆ ಅಂತ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರ ಹೆಬ್ಬೆರಳುಗಳು ಒಂದು ಬಕೆಟ್ ಮರಳು ತುಂಬಿ, ಮೈ ತಿರುಗಿಸಿ, ಪಕ್ಕದಲ್ಲಿದ್ದ ಚೊಂಬಿಗೆ ಸುರಿದಿದ್ದವು. "ಬೂಮ್ ಸ್ವಲ್ಪ ನಿಧಾನ" ಅಂದರು, ಅಷ್ಟೇ. ಹುಡುಗನ ದೂರು ಬೇರೆ ಇತ್ತು. ಕೆರೆಯಲ್ಲಿರುವುದು ಓಡಾಡುವಾಗ ಪೀಂ ಪೀಂ ಅನ್ನುತ್ತದೆ, ಇದು ಅನ್ನುವುದಿಲ್ಲ. ಅದಕ್ಕೆ ರಿಮೋಟಿನಲ್ಲಿ ಹೊಸ ಕಡ್ಡಿಯೂ ಬೇಡ, ಸ್ವಿಚ್ಚೂ ಬೇಡ. ನ್ಯಾನೋದಲ್ಲಿ ಖಾಲಿ ಉಳಿದ ಒಂದು ಪಿನ್ನಿಗೆ ಪುಟ್ಟ ಬಜರ್, ಚೈನ್ ಓಡಿದಾಗ ಕೂಗು ಅಂತ ಪ್ರೋಗ್ರಾಮಿನಲ್ಲಿ ಎರಡು ಸಾಲು. ಅಲ್ಲೇ ಕೂತು ಸೇರಿಸಿಕೊಟ್ಟೆ. ಈಗ ದಿನಾ ಬೆಳಗ್ಗೆ ಅಕ್ಕ ಫೋನ್ ಮಾಡಿ ಬಯ್ಯುತ್ತಿದ್ದಾಳೆ.